ಸೊನ್ನೆ ದೂರಿನ ಓಣಿ

ಬಸವಕಲ್ಯಾಣ
೧೩ ಜೂನ್ ೨೦೨೫, ಶುಕ್ರವಾರ

ಸಿಟ್ಟಿನಲ್ಲಿದ್ದರೂ ನನ್ನವಳೇ ಆದ ರತ್ನಮಾಲಾ,

ಲಕೋಟೆ ನೋಡಿಯೇ ನೀನು ನಗಬೇಕು ಎಂಬುದು ನನ್ನ ಆಸೆ. ಈ ಕಾಲದಲ್ಲಿ ಕೋರ್ಟಿನವರನ್ನು ಬಿಟ್ಟರೆ ಬೇರೆ ಯಾರು ಕಾಗದ ಬರೆಯುತ್ತಾರೆ? ಆದರೆ ಇಪ್ಪತ್ತೆರಡು ದಿನಗಳಿಂದ ನನ್ನ ಮೆಸೇಜುಗಳಿಗೆ ನೀನು ಎರಡು ನೀಲಿ ಗೆರೆ ಬಿಟ್ಟು ಬೇರೇನೂ ಕೊಟ್ಟಿಲ್ಲ. ಫೋನ್ ಮಾಡಿದರೆ ‘ಚಂದಾದಾರರು ಕಾರ್ಯನಿರತರಾಗಿದ್ದಾರೆ’ ಎನ್ನುವ ಹೆಣ್ಣುಮಗಳು ಬರುತ್ತಾಳೆ. ಈಗ ನನಗೆ ನಿನಗಿಂತ ಅವಳ ಜೊತೆಗೇ ಹೆಚ್ಚು ಸಲುಗೆ. ನಾಳೆ ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಬಂದು ಇದನ್ನು ಆಟೋ ಮಹೆಬೂಬನ ಕೈಗೆ ಕೊಡುತ್ತೇನೆ. ಮಾಣಿಕನಗರದ ನಿನ್ನ ಮನೆಯ ಬಾಗಿಲವರೆಗೆ ನಾನೇ ಬರುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ಜೊತೆಗೆ ಒಂಬತ್ತು ಪುಟದ ಒಂದು ವರದಿ ಇದೆ. ಅದರಲ್ಲಿ ಒಂದೂ ಜೋಕು ಇಲ್ಲ, ಹೆದರಬೇಡ. ಜೋಕುಗಳನ್ನೆಲ್ಲ ಈ ಕಾಗದಕ್ಕೆ ಇಟ್ಟುಕೊಂಡಿದ್ದೇನೆ. ನನಗೆ ಅಳು ಬರುವಾಗ ಜೋಕು ಹೆಚ್ಚಾಗುತ್ತವೆ ಎಂಬುದು ನಿನಗೆ ಗೊತ್ತು.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೋಮವಾರ ಚಂದನವಾಡಿ ಪಂಚಾಯಿತಿಯ ಸಭೆ. ನೀರು ಬಿಡುವ ನರಸಿಂಗನನ್ನು ಕೆಲಸದಿಂದ ತೆಗೆಯುವ ಕಾಗದಕ್ಕೆ ಅಭಿವೃದ್ಧಿ ಅಧಿಕಾರಿಯಾದ ನಿನ್ನ ಸಹಿ ಬೀಳಬೇಕು ಎಂದು ಸದಸ್ಯರು ಕಾದಿದ್ದಾರೆ. ಆ ಸಹಿ ಬೀಳಬಾರದು. ತಪ್ಪು ಅವನ ಕೈಯದಲ್ಲ, ನನ್ನ ಕೈಬರಹದ್ದು. ಕಾಗದದ ತಿರುಳು ಇಷ್ಟೇ. ಉಳಿದದ್ದೆಲ್ಲ ನಾನು ಹದಿನಾಲ್ಕು ವರ್ಷ ಪಾಠ ಹೇಳಿದ್ದರ ಫಲ, ಗಂಟೆ ಹೊಡೆಯುವವರೆಗೆ ಬಾಯಿ ಮುಚ್ಚಲಾಗುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಎಲ್ಲಿ ಎಡವಿದೆ ಎಂಬುದು ಸಾಲಾಗಿ ಬರೆದರಷ್ಟೇ ನನಗೆ ಕಾಣುತ್ತದೆ. ಹೋದ ವರ್ಷ ನಿನಗೆ ನಿರ್ಣಾ ದಾರಿಯ ಚಂದನವಾಡಿಗೆ ವರ್ಗವಾದಾಗ ಪಿಡಿಒ ಎಂದರೆ ‘ಪೀಡೆ ದೂಡುವ ಒಡತಿ’ ಎಂದು ನಾನೇ ಬಿಡಿಸಿ ಹೇಳಿದ್ದೆ. ನೀನು ನಕ್ಕಿರಲಿಲ್ಲ. “ಪೀಡೆ ಒಂದೇ ಅದ ವಿದ್ಯಾ, ನೀರು,” ಅಂದಿದ್ದೆ. “ಸೋಮವಾರಕ್ಕೊಮ್ಮೆ ಇಬ್ಬರು ಹೆಣ್ಮಕ್ಕಳು ನನ್ನ ಟೇಬಲ್ ಮುಂದ ಜುಟ್ಟು ಹಿಡಕೊಂಡು ನಿಂದರ್ತಾರ. ನೀ ಕಾಲೇಜಿನಾಗ ಆಡಳಿತಶಾಸ್ತ್ರ ಕಲಸ್ತಿ. ಒಂದ್ ಸಂಶೋಧನಾ ಮಾಡಿ ಹೇಳು, ಯಾವ ಓಣಿಗಿ ಎಷ್ಟು ಹೊತ್ತು ನೀರು ಬಿಡ್ಲಿ?”

ನನಗೋ, ಹಸಿದವಳನ್ನು ಹೋಳಿಗೆ ಬೇಕೇ ಎಂದು ಕೇಳಿದಂತಾಯಿತು. ಪಿಎಚ್‌ಡಿಯ ಮೂರನೇ ಅಧ್ಯಾಯಕ್ಕೆ ಊರೊಂದು ಬೇಕಾಗಿತ್ತು. ಊರು ಸಣ್ಣದು, ಓಣಿ ಆರು, ದಿಬ್ಬದ ಮೇಲೆ ಒಂದು ಟ್ಯಾಂಕು. ಒಮ್ಮೆ ತುಂಬಿದರೆ ಸಾಕು, ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ದಿನ ಬಿಟ್ಟು ದಿನ ಸರತಿ. ಪೇಟೆ ಓಣಿಯ ಪೈಪೇ ಮುಂದೆ ಹೋಗಿ ಆರನೇ ಓಣಿಗೆ ಮುಟ್ಟುತ್ತದೆ. ಆ ಓಣಿಯ ಹೆಸರು ಬೋರ್ಡಿನಲ್ಲಿ ಭೀಮನಗರ, ಪೇಟೆಯವರ ಬಾಯಲ್ಲಿ ಇಂದಿಗೂ ‘ಕೆಳಗಿನ ಓಣಿ’.

ಪಂಪಿನ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದ ದೂರು ಪುಸ್ತಕ ಸಿಕ್ಕಿದಾಗ ನನಗೆ ನಿಧಿ ಸಿಕ್ಕಿತು. ಮೂರು ವರ್ಷದಲ್ಲಿ ನೂರಾ ನಲವತ್ತಾರು ದೂರು. ಪೇಟೆ ಓಣಿಯದೇ ಅರವತ್ತೇಳು. ಭೀಮನಗರದ್ದು ಸೊನ್ನೆ. ಇಡೀ ಮೂರು ವರ್ಷ ಅಲ್ಲಿಂದ ಒಂದು ಸಾಲು ಇಲ್ಲ. ರತ್ನಿ, ನಮ್ಮ ಕಲ್ಯಾಣದಲ್ಲಿ ಶೂನ್ಯಕ್ಕೆ ಸಿಂಹಾಸನ ಹಾಕಿ ಕೂರಿಸಿದ್ದರು. ನಾನು ಅದೇ ಊರಲ್ಲಿ ಬಾಡಿಗೆ ಮನೆ ಹಿಡಿದು ಕೂತು ಶೂನ್ಯವನ್ನು ಬರೀ ಸೊನ್ನೆ ಎಂದು ಓದಿಬಿಟ್ಟೆ. ದೂರು ಇಲ್ಲದವರಿಗೆ ನೀರು ಸಾಕಷ್ಟಿದೆ, ಅವರ ನಲವತ್ತೈದು ನಿಮಿಷದಲ್ಲಿ ಇಪ್ಪತ್ತು ತೆಗೆದು ಪೇಟೆ ಓಣಿಗೆ ಕೊಡಿ ಎಂದು ಬರೆದೆ. ಅತ್ತ ಕೂಸಿಗೆ ಹಾಲು ಎಂಬ ಗಾದೆಯನ್ನೇ ಎರಡು ನಕ್ಷೆ, ನಾಲ್ಕು ಕೋಷ್ಟಕ ಹಾಕಿ ಇಂಗ್ಲಿಷಿನಲ್ಲಿ ಹೇಳಿದ್ದೆ, ಅಷ್ಟೇ.

ನೀನು ನನ್ನನ್ನು ನಂಬಿದೆ. ಸೆಪ್ಟೆಂಬರಿನಿಂದ ಹೊಸ ವೇಳಾಪಟ್ಟಿ ಜಾರಿಗೆ ಬಂತು. ಕೆರೆ ಬಾವಿ ತುಂಬಿದ್ದ ಕಾಲ, ಯಾರಿಗೂ ಬಿಸಿ ತಟ್ಟಲಿಲ್ಲ. ದೂರುಗಳು ಮಡಿಚಿದ ಕೊಡೆಯಂತೆ ಸಣ್ಣಗಾದವು. ಜನವರಿಯಲ್ಲಿ ಬೀದರಿನ ಸಭೆಯಲ್ಲಿ ನಿನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿದರು. ಪಂಚಾಯಿತಿ ಅಧ್ಯಕ್ಷ ಬಸವಣಪ್ಪನವರು ನನಗೆ ಶಾಲು ಹೊದಿಸಿದರು. ದೂರೆಲ್ಲ ಇತ್ಯರ್ಥ ಆಗಿದ್ದವು. ಅರ್ಥ ಆಗುವುದು ಮಾತ್ರ ಬಾಕಿ ಇತ್ತು.

ಅದು ಮೇ ತಿಂಗಳಲ್ಲಿ ಆಯಿತು. ಭೀಮನಗರದ ದ್ರೌಪತಿಬಾಯಿ, ನರಸಿಂಗನ ಅತ್ತೆ, ಜಲಾಲುದ್ದೀನರ ಹೊಲದ ಬಾವಿಯಿಂದ ನೀರು ತರುವಾಗ ಮೆಟ್ಟಿಲ ಮೇಲೆ ಜಾರಿ ಮುಂಗೈ ಮುರಿದುಕೊಂಡಳು. ಯಾರೋ ವಿಡಿಯೋ ಹಂಚಿದರು. ‘ನಳ ಇದ್ದೂ ಬಾವಿಗೆ ಯಾಕೆ ಹೋದಳು?’ ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆ ಎದ್ದ ಮೇಲೆ ಉತ್ತರಕ್ಕೊಬ್ಬ ಮನುಷ್ಯ ಬೇಕಲ್ಲ. ವಾಲ್ವು ತಿರುಗಿಸುವ ಚಾವಿ ಯಾರ ಕೈಯಲ್ಲಿದೆಯೋ ಅವನೇ ಕಳ್ಳ. ನರಸಿಂಗ ವಾಲ್ವನ್ನು ಪೂರಾ ತೆರೆಯುವುದಿಲ್ಲ, ಹೊತ್ತಿಗೆ ಮುಂಚೆ ಮುಚ್ಚುತ್ತಾನೆ ಎಂದು ಸದಸ್ಯರು ಠರಾವು ಮಾಡಿದರು. ಅವನು ಬಾಯಿ ಬಿಡಲಿಲ್ಲ.

ಆ ದಿನ ನೀನು ಫೋನಿನಲ್ಲಿ ಆಡಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. “ನಿನ್ನ ಸಂಶೋಧನಾ ನಮ್ಮಂದಿ ನೀರು ಕುಡೀತು, ವಿದ್ಯಾ. ಈಗ ಅದಕ್ಕ ಊಟಾನೂ ಬೇಕಾಗ್ಯಾದ, ನರಸಿಂಗನ್ನ ಕೇಳಾಕತ್ತದ. ನಾ ಅವನ್ನ ಉಳಿಸಿದ್ರ ‘ತನ್ನವರಂತ ಉಳಿಸಿದ್ಳು’ ಅಂತಾರ. ತೆಗದ್ರ ‘ನ್ಯಾಯಾ ಮಾಡಿದ್ಳು’ ಅಂತಾರ. ಭೀಮನಗರದಂಥಾ ಓಣ್ಯಾಗ ಹುಟ್ಟಿ ಈ ಖುರ್ಚಿ ಮ್ಯಾಲ ಕುಂತವರಿಗಿ ಎರಡೂ ಬಾಜೂನೂ ಮುಳ್ಳು. ನನಗ ಕೈಯಾಗ ಕಾಗದ ಬೇಕು, ನಿನ್ನ ಕಣ್ಣೀರಲ್ಲ.” ಆಮೇಲೆ ನೀಲಿ ಗೆರೆಗಳು.

ಇಗೋ, ಕಾಗದ.

ಕಾಲೇಜಿಗೆ ರಜೆ ಇತ್ತು. ಜೂನ್ ಒಂದರಿಂದ ಮೊನ್ನೆ ಬುಧವಾರದವರೆಗೆ ಭೀಮನಗರದ ಆರು ಸರತಿಗೂ ನಾನು ಹೋಗಿದ್ದೇನೆ, ನಿನಗೆ ಹೇಳದೆ. ಕಲ್ಯಾಣದಿಂದ ಮೊದಲ ಬಸ್ಸು, ಹುಮನಾಬಾದ್ ಸ್ಟ್ಯಾಂಡಿನಿಂದ ಮಹೆಬೂಬನ ಆಟೋ. ಮೊದಲ ದಿನ ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, “ಮೇಡಂ, ಇಷ್ಟ್ ಮುಂಜಾನಿ ಚಂದನವಾಡಿಗಿ ಯಾರೂ ಹೋಗಂಗಿಲ್ರಿ, ಅಲ್ಲಿಂದ ಬರ್ತಾರ,” ಅಂದ. ಮೂರನೇ ಸರತಿಯ ಹೊತ್ತಿಗೆ ತಾನೇ “ಮೊನ್ನೆ ಎಷ್ಟು ಕೊಡಾ ತುಂಬಿದ್ವು?” ಎಂದು ಕೇಳತೊಡಗಿದ. ನನ್ನ ವಿದ್ಯಾರ್ಥಿಗಳಿಗೆ ಇಲ್ಲದ ಕುತೂಹಲ.

ಕೊಡಗಳ ಕಥೆ ಹೇಳುತ್ತೇನೆ. ಭೀಮನಗರದಲ್ಲಿ ಒಂದೇ ಸಾರ್ವಜನಿಕ ನಳ, ಅರವತ್ನಾಲ್ಕು ಮನೆ. ಅಲ್ಲಿ ಸರತಿಯಲ್ಲಿ ಜನ ನಿಲ್ಲುವುದಿಲ್ಲ, ಕೊಡ ನಿಲ್ಲುತ್ತವೆ. ಪ್ರತಿ ಮನೆಗೆ ಒಂದು ಕೊಡ, ಅದರ ಹೊಟ್ಟೆಯ ಮೇಲೆ ಬಣ್ಣದ ಗುರುತು. ಒಂದಕ್ಕೆ ನೀಲಿ ಚಕ್ರ, ಒಂದಕ್ಕೆ ಹೂವು, ಒಂದಕ್ಕೆ ಮಗಳ ಹೆಸರಿನ ಮೊದಲ ಅಕ್ಷರ. ಕೂಲಿಗೆ ಹೋಗುವವರು ನಸುಕಿನಲ್ಲೇ ಕೊಡ ಇಟ್ಟು ಹೋಗುತ್ತಾರೆ. ಅವರ ಪಾಳಿ ಬಂದಾಗ ಅಲ್ಲಿದ್ದವರು ತುಂಬಿ ಪಕ್ಕಕ್ಕೆ ಸರಿಸುತ್ತಾರೆ. ಒಂದು ಕೊಡವೂ ಅದಲುಬದಲಾಗುವುದಿಲ್ಲ. ಹದಿನಾಲ್ಕು ವರ್ಷ ನಾನು ಪಾಠ ಮಾಡಿದ ಸಾರ್ವಜನಿಕ ಆಡಳಿತ ಇಷ್ಟು ಚೆಂದವಾಗಿ ನಡೆದದ್ದನ್ನು ಇನ್ನೆಲ್ಲೂ ಕಂಡಿಲ್ಲ. “ಕೊಡಾ ನಿಂತ್ರ ಮನಷಾ ನಿಂತಂಗ್ರಿ,” ಎಂದು ವಿವರಿಸಿದವಳು ದ್ರೌಪತಿಬಾಯಿಯೇ. ಕೈಗೆ ಪ್ಲಾಸ್ಟರು ಹಾಕಿಕೊಂಡು ಕಟ್ಟೆಯ ಮೇಲೆ ಕೂತು, ಒಂದೇ ಕೈಯಲ್ಲಿ ಇಡೀ ಸರತಿಯನ್ನು ನಡೆಸುತ್ತಿದ್ದಳು.

ನನ್ನನ್ನು ಕಂಡಕೂಡಲೇ ಅವಳು ಆಡಿದ ಮೊದಲ ಮಾತು ಬೇರೆ. “ಬಂದ್ರೇನ್ರಿ ಮೇಡಂ? ಬರ್ರಿ, ಕುಂದರ್ರಿ. ನೀರು ಬೇಕೇನಂತ ನಾ ಕೇಳಂಗಿಲ್ಲ ಮತ್ತ. ನಿಮಗ ನೀರಡಿಕಿ ಆಗಂಗಿಲ್ಲ, ನನಗ ನೆಪ್ಪದ.” ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಮುದುಕಿಯರ ಚೇಷ್ಟೆಗೆ ಕಾರಣ ಹುಡುಕುತ್ತಾ ಹೋದರೆ ಇನ್ನೊಂದು ಪಿಎಚ್‌ಡಿ ಆಗುತ್ತದೆ. ಬಿಡು, ಮುಂದೆ ಹೋಗೋಣ.

ನೀರು ಆರೂಕಾಲಿಗೆ ಬಂತು. ಆರು ನಲವತ್ತಕ್ಕೆ ಹೋಯಿತು. ಸಾಲಿನಲ್ಲಿದ್ದದ್ದು ಅರವತ್ನಾಲ್ಕು ಕೊಡ, ತುಂಬಿದ್ದು ಹನ್ನೊಂದು. ಎರಡನೇ ಸರತಿಗೆ ಒಂಬತ್ತು, ಮೂರನೇದಕ್ಕೆ ಹದಿನಾಲ್ಕು, ನಾಲ್ಕನೇದಕ್ಕೆ ಎಂಟು. ತುಂಬದ ಕೊಡಗಳು ಅಲ್ಲೇ ನಿಂತಿರುತ್ತಿದ್ದವು. ಹೆಂಗಸರು ಬೇರೆ ಕೊಡ ತಂದು ಜಲಾಲುದ್ದೀನರ ಬಾವಿಯ ದಾರಿ ಹಿಡಿಯುತ್ತಿದ್ದರು. ನನ್ನ ಹಳೆಯ ವರದಿಯಲ್ಲಿ ಅಂಕಿ ಬೇಕಾದಷ್ಟಿತ್ತು. ಅಂಶ ಇದ್ದದ್ದು ಇಲ್ಲಿ, ಸಾಲಾಗಿ, ಬಾಯಿ ತೆರೆದು.

ತಡೆಯಲಾರದೆ ಕೇಳಿದೆ, “ಬಾಯಿ, ಮೂರು ವರ್ಷದಾಗ ಒಂದರೆ ದೂರು ಬರೀಬಾರ್ದಾಗಿತ್ತೇನ್ರಿ?” ಅವಳು ನನ್ನನ್ನು ದಡ್ಡ ಸೊಸೆಯನ್ನು ನೋಡುವಂತೆ ನೋಡಿದಳು. “ಆ ಬುಕ್ಕಿನಾಗ ‘ಯಾರ ಮ್ಯಾಲ ದೂರು’ ಅಂತ ಒಂದ್ ಖಾನೆ ಅದಲ್ರಿ? ಅದರಾಗ ಏನ್ ಬರೀಲಿ? ನಮ್ಮ ನರಸಿಂಗ ಅಂತ ಬರೀಲೇನು? ಮಗಳ ಗಂಡನ್ನ ಮೊಳಿಗಿ ತೂಗ ಹಾಕ್ಲೇನು? ನನ್ನ ಬಿಡ್ರಿ, ಈ ಓಣ್ಯಾಗ ಯಾರೂ ಬರಿಯಂಗಿಲ್ಲ. ನಮ್ಮೊಳಗಿಂದ ಒಬ್ಬಂವ ಪಂಚಾಯ್ತಿ ಕೆಲಸಾ ಹಿಡದಾನ. ನೀರು ಬಾವ್ಯಾಗೂ ಸಿಗ್ತದ, ನೌಕ್ರಿ ಸಿಗ್ತದೇನ್ರಿ?”

ನಾನು ವಾಪಸು ಹೋಗಿ ಪುಸ್ತಕ ತೆರೆದು ನೋಡಿದೆ. ಹೌದು, ಮೂರನೇ ಖಾನೆ. ಬೇರೆ ಓಣಿಗಳವರು ಒಂದೊಂದು ಬಗೆಯ ಅಕ್ಷರದಲ್ಲಿ ‘ನರಸಿಂಗ’ ಎಂದು ಬರೆದಿದ್ದರು. ಅಷ್ಟು ಸಲ ಅವನ ಹೆಸರನ್ನು ಅವನ ಹೆಂಡತಿಯೂ ಕರೆದಿರಲಿಕ್ಕಿಲ್ಲ. ಯಾವ ಓಣಿಯಲ್ಲಿ ಅವನು ಮಗನೂ ಅಳಿಯನೂ ಆಗಿದ್ದನೋ ಅಲ್ಲಿ ಮಾತ್ರ ಆ ಹೆಸರಿಗೆ ದೂರಿನ ಖಾನೆಯಲ್ಲಿ ಜಾಗ ಇರಲಿಲ್ಲ. ನಾನು ಅಕ್ಕರೆಯನ್ನು ತೃಪ್ತಿ ಎಂದು ಎಣಿಸಿದ್ದೆ.

ಆದರೆ ದೂರು ಪುಸ್ತಕವನ್ನೊಂದೇ ನಂಬಿದೆನೇ, ಖುದ್ದು ಭೇಟಿ ಇತ್ತಲ್ಲ ಎಂದು ನೀನು ಕೇಳುತ್ತೀ. ಇತ್ತು. ಹೋದ ವರ್ಷ ಏಪ್ರಿಲಿನಲ್ಲಿ ಆರೂ ಓಣಿಗೆ ಹೋಗಿದ್ದೆ. ಭೀಮನಗರದಲ್ಲಿ ಇದ್ದದ್ದು ಹತ್ತೇ ನಿಮಿಷ. ಚಪ್ಪಲಿಯ ಪಟ್ಟಿ ಕಿತ್ತಿತ್ತು. ಜೀಪಿನವನು ಹಾರ್ನು ಹಾಕುತ್ತಿದ್ದ. ಕಲ್ಯಾಣದಲ್ಲಿ ಉತ್ತರಪತ್ರಿಕೆಗಳ ಕಟ್ಟು ಕಾದಿತ್ತು. ಸಮಾಜ ಮಂದಿರದ ಮುಂದೆ ಹನ್ನೆರಡು ಜನರನ್ನು ನಿಲ್ಲಿಸಿ ನನ್ನ ಪ್ರಶ್ನಾವಳಿಯ ಹಾವಳಿ ಶುರು ಮಾಡಿದೆ. “ನೀರಿಂದು ಏನರೆ ತಕರಾರು ಅದಾ?” ಎಲ್ಲರೂ ಒಂದೇ ದನಿಯಲ್ಲಿ, “ಇಲ್ರಿ, ಬರೋಬ್ಬರಿ ಅದ್ರಿ.” ಇದನ್ನು ಹಳೆಯ ವರದಿಯಲ್ಲಿ ಬರೆದಿದ್ದೆ. ಬರೆಯದೇ ಬಿಟ್ಟದ್ದು ಏನೆಂದರೆ, ಆಗ ಬಿಸಿಲಿಗೆ ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದವನು ನರಸಿಂಗ. ಊರು ತೋರಿಸಲು ಅವನನ್ನೇ ಕರೆದುಕೊಂಡು ಹೋಗಿದ್ದೆ. ಅಳಿಯನ ಮುಂದೆ ಅತ್ತೆಯನ್ನು ನಿಲ್ಲಿಸಿ, ನಿಮ್ಮ ಅಳಿಯನ ಮೇಲೆ ದೂರಿದೆಯೇ ಎಂದು ಕೇಳಿದ ಪಂಡಿತೆ ನಾನು.

ಮೂರನೇ ಸರತಿಗೆ ಕೊಡ ಎಣಿಸುವುದನ್ನು ದ್ರೌಪತಿಬಾಯಿಗೆ ಬಿಟ್ಟು ಅವನ ಜೊತೆಗೇ ನಡೆದೆ, ಈ ಸಲ ತುಂತುರು ಮಳೆಗೆ ಕೊಡೆ ನಾನು ಹಿಡಿದಿದ್ದೆ. ಪಂಪಿನ ಕೋಣೆಯ ಗೋಡೆಗೆ ನನ್ನ ವೇಳಾಪಟ್ಟಿಯನ್ನು ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದಾರೆ, ದೇವರ ಫೋಟೋದ ಪಕ್ಕದಲ್ಲಿ. ಅವನು ಗಡಿಯಾರ ನೋಡಿ ಆರೂಕಾಲಿಗೆ ವಾಲ್ವು ತಿರುಗಿಸಿದ. ಹದಿನಾಲ್ಕು ಸುತ್ತು, ಅದರಾಚೆ ಅದು ತಿರುಗುವುದಿಲ್ಲ, ನಾನೂ ಕೈ ಹಾಕಿ ನೋಡಿದೆ. ಆರು ನಲವತ್ತಕ್ಕೆ ಮುಚ್ಚಿದ. ಇನ್ನೈದು ನಿಮಿಷ ಬಿಡಬಾರದೇ ಎಂದೆ. “ನಿಮ್ಮ ಕಾಗದಾನೇ ಅದಲ್ರಿ ಇದು,” ಎಂದು ಗೋಡೆಯ ಕಡೆ ಕೈ ತೋರಿದ. “ಮೊದಲ ಹತ್ತು ಮಿನಿಟು ಹಿಂದ ಮುಂದ ಮಾಡ್ತಿದ್ನಿ. ಈಗ ಒಂದ್ ಮಿನಿಟು ಹೆಚ್ಚು ಬಿಟ್ರ ಪೇಟಿಯವರು ಫೋಟೋ ತೆಗೀತಾರ.” ಅಂದರೆ ಮೊದಲು ಅವನು ಯಾರಿಗೂ ಹೇಳದೆ ತನ್ನ ಓಣಿಗೆ ಕೊಡುತ್ತಿದ್ದ ಹತ್ತು ನಿಮಿಷವನ್ನೂ ನನ್ನ ಪ್ಲಾಸ್ಟಿಕ್ ಹಾಳೆ ಕಿತ್ತುಕೊಂಡಿತ್ತು.

ಆದರೂ ಲೆಕ್ಕ ಹೊಂದಲಿಲ್ಲ. ಇಪ್ಪತ್ತೈದು ನಿಮಿಷ ಪೂರಾ ತೆರೆದ ವಾಲ್ವಿಗೆ ಹದಿನಾಲ್ಕೇ ಕೊಡ ಯಾಕೆ?

ಉತ್ತರ ಐದನೇ ಸರತಿಗೆ ಸಿಕ್ಕಿತು, ಕರೆಂಟು ಹೋದಾಗ. ಆರು ಇಪ್ಪತ್ತಕ್ಕೆ ಇಡೀ ಊರಿನ ವಿದ್ಯುತ್ತು ಹೋಯಿತು. ಭೀಮನಗರದಲ್ಲಿ ಹೆಂಗಸರು ಹೋ ಎಂದರು, ಬೇಸರದಿಂದಲ್ಲ, ಸಂತೋಷದಿಂದ! ಎಳೆ ಎಳೆಯಾಗಿ ಬರುತ್ತಿದ್ದ ನಳ ಕೆಮ್ಮಿ, ಗಂಟಲು ಸರಿಪಡಿಸಿಕೊಂಡು, ತೋಳಿನಷ್ಟು ದಪ್ಪ ಸುರಿಯತೊಡಗಿತು. ಒಬ್ಬಳು ತುಂಬುವುದು, ಇನ್ನೊಬ್ಬಳು ಸರಿಸುವುದು, ನನ್ನ ಪೆನ್ನು ಹಿಂದೆ ಬಿತ್ತು. ಮೂವತ್ತೇಳು ಕೊಡ! “ಕರೆಂಟ್ ಹೋತಂದ್ರ ನಮ್ಮ ಓಣಿಗಿ ಹಬ್ಬಾರಿ,” ಎಂದಳು ದ್ರೌಪತಿಬಾಯಿ. “ಯಾಕಂತ ಗೊತ್ತದೇನ್ರಿ ನಿಮಗ?” ಎಂದೆ. “ಗೊತ್ತಿಲ್ದ ಏನ್ರಿ. ಪೇಟ್ಯಾಗ ಮೋಟರ್ ಬಂದ್ ಆಗ್ತಾವ.”

ಇಡೀ ಓಣಿಗೆ ಗೊತ್ತಿತ್ತು, ರತ್ನಿ. ಪೇಟೆಯವರು ನಳಕ್ಕೆ ನೇರವಾಗಿ ಮೋಟರು ಜೋಡಿಸಿ ಎಳೆಯುತ್ತಾರೆ. ಎಳೆದ ಮೇಲೆ ಉಳಿದದ್ದು ಕೆಳಗೆ ಬರುತ್ತದೆ. ಆರನೇ ಸರತಿಯ ದಿನ ನಾನು ಸ್ವಲ್ಪ ಹೊತ್ತು ಪೇಟೆ ಓಣಿಯಲ್ಲಿ ಕಿವಿಯಾಗಿ ನಡೆದೆ. ಮನೆಮನೆಯ ಗೋಡೆಯಾಚೆ ಗುಂಯ್ ಎನ್ನುವ ಸದ್ದು, ಮೂವತ್ತೊಂದು ಕಡೆ. ದೂರು ಪುಸ್ತಕದ ಜೊತೆ ಹೊಂದಿಸಿ ನೋಡಿದರೆ ಆ ಮೂವತ್ತೊಂದರಲ್ಲಿ ಇಪ್ಪತ್ತೇಳು ಮನೆಯವರು ನೀರು ಬರುವುದಿಲ್ಲ ಎಂದು ಬರೆದವರು. ಎಳೆಯುವವರೇ ಅತ್ತಿದ್ದರು, ನಾನು ಕಣ್ಣೊರೆಸಿದ್ದೆ. ಆ ದಿನ ಕರೆಂಟು ಹೋಗಲಿಲ್ಲ. ಭೀಮನಗರದಲ್ಲಿ ಮತ್ತೆ ಹನ್ನೊಂದು.

“ಇದನ್ನ ಯಾಕ ಹೇಳಿಲ್ಲಪ್ಪಾ ಯಾರಿಗೂ?” ಎಂದು ನರಸಿಂಗನನ್ನು ಕೇಳಿದೆ. ಅವನು ಚಾವಿಯನ್ನು ಹೆಗಲ ಮೇಲೆ ಹಾಕಿಕೊಂಡು, ನನ್ನ ಮುಖ ನೋಡದೆ ಹೇಳಿದ, “ನಾ ಹೇಳಿದ್ರ ಚಾಡಿ ಆತದ್ರಿ ಮೇಡಂ. ನೀವ್ ಹೇಳಿದ್ರ ಸಂಶೋಧನಾ ಆತದ.”

ನಿನ್ನೆ ಬಸವಣಪ್ಪನವರ ಬೇಳೆ ಅಂಗಡಿಗೂ ಹೋಗಿದ್ದೆ. ಮೂವತ್ತೊಂದು ಮನೆಗಳ ಪಟ್ಟಿ ಕೊಟ್ಟೆ. ಹನ್ನೆರಡನೆಯದು ಅವರದೇ. ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿದರು. ಕೆಟ್ಟ ಮನುಷ್ಯರಲ್ಲ ಅವರು, ಮುಜುಗರ ಪಟ್ಟರು. “ಎಲ್ಲಾರೂ ಹಚ್ಚ್ಯಾರ್ರಿ ಮೇಡಂ. ಬಾಜೂ ಮನ್ಯಂವ ಎಳೀವಾಗ ನಾ ಸುಮ್ನ ಕುಂತ್ರ ನನ್ನ ನಳದಾಗ ಗಾಳಿ ಬರ್ತದ,” ಅಂದರು. ಆಮೇಲೆ ವ್ಯಾಪಾರಿಯ ಬುದ್ಧಿ ಎಚ್ಚರಾಯಿತು. “ಹಂಗಾರ ನಿಮ್ಮ ಮೊದಲಿನ ಸಂಶೋಧನಾ ಸುಳ್ಳೋ, ಇದು ಸುಳ್ಳೋ? ಮೊದಲಿನದಕ್ಕ ನಾವು ಶಾಲು ಹೊಚ್ಚೇವಿ.” ಶಾಲು ಚೀಲದಲ್ಲೇ ಇತ್ತು, ಗಲ್ಲೆಯ ಮೇಲಿಟ್ಟೆ. “ಮೊದಲಿಂದು ಸುಳ್ಳಲ್ರಿ, ಅರ್ಧಾ. ಅರ್ಧಕ್ಕ ಪೂರಾ ಶಾಲು ಹೊಚ್ಚಿದ್ರಿ,” ಅಂದೆ. ಅವರು ನಕ್ಕರು. ನಗು ಮುಗಿದ ಮೇಲೂ ನರಸಿಂಗನ ವಿಷಯದಲ್ಲಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. “ಸೋಮವಾರ ಸಭಾದಾಗ ಓದ್ರಿ, ಕೇಳ್ತೇವಿ.” ಅಷ್ಟೇ.

ಆದ್ದರಿಂದ ನಾನು ಸೋಮವಾರ ಬರುತ್ತೇನೆ. ನೀನು ಏನೂ ಹೇಳಬೇಕಾಗಿಲ್ಲ, ಅಜೆಂಡಾದಲ್ಲಿ ನನಗೆ ಹತ್ತು ನಿಮಿಷ ಕೊಡು. ನಾಲ್ಕನೇ ಪುಟವನ್ನು ನಾನೇ ನಿಂತು ಓದುತ್ತೇನೆ: ‘ನೀರಿನ ಕೊರತೆಗೆ ನೀರು ಬಿಡುವ ನೌಕರ ಕಾರಣನಲ್ಲ. ಹಿಂದಿನ ಅಧ್ಯಯನವೂ ಮೋಟರುಗಳೂ ಕಾರಣ.’ ತನ್ನವರಂತ ಉಳಿಸಿದಳು ಎಂದು ಯಾರೂ ನಿನ್ನನ್ನು ಅನ್ನಲಾರರು, ಉಳಿಸುತ್ತಿರುವವಳು ನಾನು, ನನ್ನದೇ ಮೂಗು ಕೊಯ್ದುಕೊಂಡು. ಈ ಮಾದರಿಯನ್ನು ಬೇರೆ ಊರುಗಳಿಗೆ ಒಯ್ಯಬೇಡಿ ಎಂದು ಬೀದರಿಗೂ ಬರೆದಿದ್ದೇನೆ. ಪಿಎಚ್‌ಡಿಯ ಮೂರನೇ ಅಧ್ಯಾಯ ಹೋಯಿತು. ಹೋಗಲಿ, ನೀರಿನ ಅಧ್ಯಾಯವಾದರೂ ಓದಲು ನೀರಸವಾಗಿತ್ತು.

ಆರನೇ ಪುಟದಲ್ಲಿ ಒಂದು ಸಲಹೆ ಇದೆ. ಮೂವತ್ತೊಂದು ಮೋಟರು ಒಂದೇ ದಿನ ಕೀಳಿಸುವುದು ನಿನ್ನಿಂದಾಗದು, ಯಾವ ಅಧಿಕಾರಿಯಿಂದಲೂ ಆಗದು. ಅವು ಹೋಗುವವರೆಗೆ ಭೀಮನಗರಕ್ಕೆ ಅದರ ಇಪ್ಪತ್ತು ನಿಮಿಷ ವಾಪಸು ಕೊಡು. ಸರತಿಯನ್ನು ಮಧ್ಯಾಹ್ನಕ್ಕೆ ತಳ್ಳು, ಲೈನಿನವರು ದಿನಾ ಎರಡು ಗಂಟೆಯಿಂದ ಮೂರರವರೆಗೆ ಕರೆಂಟು ತೆಗೆಯುವ ಹೊತ್ತಿಗೆ. ಟ್ಯಾಂಕು ಮುಂಜಾನೆಯೇ ತುಂಬಿರುತ್ತದೆ, ನೀರಿಳಿಯಲು ಕರೆಂಟು ಬೇಕಾಗಿಲ್ಲ. ಇದು ನನ್ನ ತಲೆಯದ್ದಲ್ಲ. “ಕರೆಂಟ್ ಇಲ್ಲದ ಹೊತ್ತಿನ್ಯಾಗ ನೀರು ಬಿಟ್ರ ಆತಲ್ರಿ, ಇದಕ್ಕೇನ್ ಸಾಲಿ ಕಲೀಬೇಕಾ?” ಎಂದವಳ ಹೆಸರನ್ನೇ ಹಾಕಿದ್ದೇನೆ. ಸಲಹೆ: ದ್ರೌಪತಿಬಾಯಿ, ಭೀಮನಗರ. ದೂರು ಪುಸ್ತಕದ ಮೂರನೇ ಖಾನೆಯನ್ನೂ ತೆಗೆಸು. ಯಾರ ಮೇಲೆ ಎಂದು ಕೇಳಬೇಡ. ಎಷ್ಟು ಕೊಡ ತುಂಬಿತು ಎಂದು ಮಾತ್ರ ಕೇಳು.

ಅದೇ ಫೋನಿನಲ್ಲಿ, ಇನ್ನು ಮೇಲೆ ಸಂಶೋಧನೆಯ ಹೆಸರೆತ್ತಬೇಡ ಎಂದೂ ಅಂದಿದ್ದೆ ನೀನು. ಎಷ್ಟೋ ದಿನ ಅದನ್ನೇ ಯೋಚಿಸಿದೆ. ಚಪ್ಪಲಿ ಕಚ್ಚಿತೆಂದು ನಡೆಯುವುದನ್ನೇ ಬಿಡಲಾಗುತ್ತದೆಯೇ? ಎಣಿಸುವುದು ತಪ್ಪಲ್ಲ, ಎಣಿಸಲು ಸುಲಭವಾದದ್ದನ್ನಷ್ಟೇ ಎಣಿಸಿ ಎದ್ದು ಬಂದದ್ದು ತಪ್ಪು. ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ಬರೆಯುತ್ತೇನೆ: ಮಾಹಿತಿ, ವಿಶ್ಲೇಷಣೆ, ಶಿಫಾರಸು. ಈ ವರ್ಷ ಎಲ್ಲಕ್ಕಿಂತ ಮೇಲೆ ಇನ್ನೊಂದು ಸಾಲು ಬರೆಯಬೇಕೆಂದಿದ್ದೇನೆ: ಕೇಳುವಾಗ ನಿನ್ನ ಪಕ್ಕದಲ್ಲಿ ಯಾರು ನಿಂತಿದ್ದರು?

ಕಲಬುರ್ಗಿಯ ಹಾಸ್ಟೆಲಿನಲ್ಲಿ, ಕೋಣೆ ಇಪ್ಪತ್ಮೂರರಲ್ಲಿ, ನಿನ್ನದೊಂದು ತಾಮ್ರದ ತಂಬಿಗೆ ಇತ್ತಲ್ಲ. ಎರಡು ವರ್ಷ ಇಬ್ಬರೂ ಅದರಿಂದಲೇ ಕುಡಿದೆವು. ನನ್ನ ಅವ್ವ ಶಕುಂತಲಾಬಾಯಿ ನೋಡಲು ಬಂದಾಗ ನಾನು ಅದನ್ನು ಕಾಲಿನಿಂದ ಮಂಚದ ಕೆಳಗೆ ಸರಿಸಿದ್ದೆ. ಅವ್ವ ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಯಾಕೋ ಆರು ಸರತಿಯೂ ಅದೇ ನೆನಪು. ಆ ತಂಬಿಗೆ ಇನ್ನೂ ಇದೆಯೇ?

ಸಿಟ್ಟು ಇರಲಿ, ಬಿಡಬೇಡ. ಸೋಮವಾರ ಮಾತ್ರ ಅದನ್ನು ನನ್ನ ಮೇಲೇ ಇಡು, ಆ ಕಾಗದದ ಮೇಲೆ ಸಹಿಯಾಗಿ ಇಳಿಸಬೇಡ. ದೂರ ಇಡುವುದಕ್ಕಿಂತ ದೂರು ಕೊಡುವುದು ಒಳ್ಳೆಯದು, ರತ್ನಿ. ನಿನ್ನ ಮೂರನೇ ಖಾನೆಯಲ್ಲಿ ನನ್ನ ಹೆಸರು ಧಾರಾಳವಾಗಿ ಬರೆ.

ಕೋಣೆ ಇಪ್ಪತ್ಮೂರರ ಅರ್ಧ ಪಾಲುದಾರಳು,
ವಿದ್ಯಾವತಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಚಪ್ಪಲಿ ಕಿತ್ತಿರಲಿಲ್ಲ. ಜೀಪಿನವನು ಹಾರ್ನು ಹಾಕಲಿಲ್ಲ. ಹೋದ ವರ್ಷ ಏಪ್ರಿಲಿನ ಆ ಬಿಸಿಲಲ್ಲಿ ದ್ರೌಪತಿಬಾಯಿ ಒಳಗಿನಿಂದ ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಹಿಡಿದಳು. “ಬ್ಯಾಡ್ರಿ, ಈಗಷ್ಟೇ ಕುಡದೇನಿ,” ಅಂದೆ. ನನ್ನ ಬಾಟಲಿ ಐದನೇ ಓಣಿಯಲ್ಲೇ ಖಾಲಿಯಾಗಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ನೀರಿಗೆ ಕೈ ಮುಂದೆ ಹೋಗಲಿಲ್ಲ. ಯಾಕೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ತಂಬಿಗೆಯಿಂದ ಎರಡು ವರ್ಷ ಕುಡಿದ ಬಾಯಿ ಇದು, ಅದನ್ನು ಮಂಚದ ಕೆಳಗೆ ತಳ್ಳಿದ ಕಾಲೂ ನನ್ನದೇ. ಅಂದು ನೀನು ನಿಜಕ್ಕೂ ನಕ್ಕಿದ್ದೆಯೋ ಇಲ್ಲವೋ, ಈಗ ನನಗೆ ಖಾತ್ರಿ ಇಲ್ಲ. ಆ ತಂಬಿಗೆ ಇಸಿದುಕೊಂಡಿದ್ದರೆ ಒಂದು ಗುಟುಕು ಕುಡಿದು, ಉಪ್ಪು ಹತ್ತಿ, “ಇದು ಎಲ್ಲಿಯ ನೀರು?” ಎಂದು ಕೇಳುತ್ತಿದ್ದೆ. “ಬಾವೀದು,” ಅನ್ನುತ್ತಿದ್ದಳು. ಅಲ್ಲಿಗೆ ಸಂಶೋಧನೆ ಮುಗಿಯುತ್ತಿತ್ತು. ಹತ್ತು ನಿಮಿಷಕ್ಕೆ ಓಡಿಬಂದದ್ದು ಆ ಕಾರಣಕ್ಕೆ. ವರದಿಯಲ್ಲಿ ಇದನ್ನು ಬರೆಯುವ ಖಾನೆ ಇಲ್ಲ, ಸೋಮವಾರ ಬಾಯಲ್ಲಿ ಹೇಳುತ್ತೇನೆ.

ಮೊನ್ನೆ ಬುಧವಾರ ನೀರು ನಿಂತ ಮೇಲೆ ನಾನೇ ಕೇಳಿದೆ, “ಬಾಯಿ, ಒಂದೀಟು ನೀರು ಕೊಡ್ರಿ.” ಅವಳು ಕಟ್ಟೆಯಿಂದ ಎದ್ದಳು. ಒಳಗೆ ಹೋದಳು. ಪ್ಲಾಸ್ಟರಿಲ್ಲದ ಕೈಯಲ್ಲಿ ಕೊಡ ತಂದು ನನ್ನ ಮುಂದೆ ಬೋರಲು ಹಾಕಿ ತೋರಿಸಿದಳು. ಒಂದು ಹನಿ ಬೀಳಲಿಲ್ಲ. “ಇವತ್ತ ಇಲ್ರಿ,” ಅಂದಳು, ಸಿಟ್ಟಿಲ್ಲದೆ. “ನಮ್ಮನಿ ಕೊಡಕ್ಕ ನೀರು ಬಂದ ದಿನಾ ಬರ್ರಿ, ಕೊಡ್ತೀನಿ.” ಆಗ ಇತ್ತು, ನಾನು ಬೇಡ ಅಂದೆ. ಈಗ ಬೇಕು ಅಂದೆ, ಇರಲಿಲ್ಲ. ಎರಡರ ನಡುವೆ ಇರುವುದು ನನ್ನ ವರದಿ.

ಸೋಮವಾರದ ಸಭೆಯ ನಂತರ ಅವರ ಸರತಿ ಮಂಗಳವಾರ. ನಾನು ಹೋಗುತ್ತೇನೆ. ಬಾಟಲಿ ಒಯ್ಯುವುದಿಲ್ಲ.